ಹಲ್ಲಕ್ಕನ ಮನೆಯ ಅನಧಿಕೃತ ಭದ್ರತೆ

ಗೃಹ ನಿಸ್ತಂತು ಜಾಲ ಸುರಕ್ಷಾ ಕಚೇರಿ ಆರಂಭವಾದ ಒಂಬತ್ತು ತಿಂಗಳಲ್ಲಿ ಪಟ್ಟಣದ ಒಂದೇ ಒಂದು ಮನೆಯ ವೈಫೈಗೂ ಕಳ್ಳರು ನುಗ್ಗಿಲ್ಲ. ಅದರ ಹಿಂದಿನ ಒಂಬತ್ತು ವರ್ಷಗಳಲ್ಲೂ ನುಗ್ಗಿರಲಿಲ್ಲ. ಆದರೆ ಆಗ ಕಚೇರಿ ಇರಲಿಲ್ಲವಾದ್ದರಿಂದ ಆ ಸುರಕ್ಷತೆಗೆ ದಾಖಲೆಯಿಲ್ಲ. ದಾಖಲೆಯಿಲ್ಲದ ಸುರಕ್ಷತೆಯನ್ನು ಸುರಕ್ಷತೆ ಎನ್ನಲು ಬರುವುದಿಲ್ಲ.

ಕಚೇರಿಯ ಕೆಲಸದ ಕ್ರಮ ಬಹಳ ಸರಳ. ಪ್ರತಿ ಬುಧವಾರ ನಿರೀಕ್ಷಕರು ಕೈಯಲ್ಲಿ ಕಚೇರಿಯ ಮೊಬೈಲು, ಕಂಕುಳಲ್ಲಿ ರಿಜಿಸ್ಟರು ಹಿಡಿದು ಬೀದಿಗೆ ಬರುತ್ತಾರೆ. ನಿಯಮ ನಾಲ್ಕರ ಪ್ರಕಾರ ಅವರು ಪ್ರತಿ ಮನೆಯ ಮುಂದೆ ನಿಂತು, ಆ ಮನೆಯ ಜಾಲದೊಳಗೆ ಪ್ರವೇಶಿಸಿ, ಒಳಗೆ ಎಲ್ಲವೂ ಕ್ಷೇಮವಾಗಿದೆಯೇ ಎಂದು ನೋಡತಕ್ಕದ್ದು. ಪ್ರವೇಶ ಸಿಕ್ಕರೆ ಮನೆಯವರು ತಪಾಸಣೆಗೆ ಸಹಕರಿಸಿದ್ದಾರೆಂದು ಬಾಗಿಲಿಗೆ ‘ಸುರಕ್ಷಿತ’ ಎಂಬ ಹಸಿರು ಚೀಟಿ ಅಂಟಿಸುತ್ತಾರೆ. ಪ್ರವೇಶ ಸಿಗದಿದ್ದರೆ ಒಳಗೆ ಕ್ಷೇಮವಿದೆ ಎನ್ನಲು ಆಧಾರವಿಲ್ಲ. ಅಂಥ ಮನೆಗೆ ಕೆಂಪು ಚೀಟಿ.

ಹೀಗಾಗಿ ಪಾಸ್‌ವರ್ಡ್ ಇಟ್ಟುಕೊಳ್ಳದ ಸೋಮಾರಿಗಳೆಲ್ಲ ಮೊದಲನೇ ತಿಂಗಳಲ್ಲೇ ಸುರಕ್ಷಿತರಾದರು. ಪಾಸ್‌ವರ್ಡ್ ಇದ್ದವರು ಎರಡನೇ ತಿಂಗಳಲ್ಲಿ ಅದನ್ನು ತೆಗೆದುಹಾಕಿ ಸುರಕ್ಷಿತರಾದರು. ಒಂಬತ್ತನೇ ತಿಂಗಳಲ್ಲಿ ಕಚೇರಿ ಹಲ್ಲಕ್ಕನ ಬೀದಿಗೆ ಕಾಲಿಟ್ಟಾಗ ಅಲ್ಲಿದ್ದ ನಲವತ್ತೊಂದು ಮನೆಗಳಲ್ಲಿ ನಲವತ್ತು ಮನೆಯವರು ತಮ್ಮ ಜಾಲಗಳನ್ನು ಹಾರುಹೊಡೆದು ಕಾಯುತ್ತಿದ್ದರು.

ಉಳಿದದ್ದು ಹಲ್ಲಕ್ಕನ ಮನೆ.

ಹಲ್ಲಕ್ಕನಿಗೆ ಆ ಹೆಸರು ಬಂದದ್ದು ಅವಳ ಕಸುಬಿನಿಂದ. ಅವಳು ಹಲ್ಲುಸೆಟ್ ಮಾಡುವವಳು. ಮನೆಯ ಮುಂದಿನ ಕೋಣೆಯೇ ಅವಳ ಕಾರ್ಖಾನೆ. ಕಿಟಕಿಯ ಪಕ್ಕ ಉಜ್ಜುವ ಚಕ್ರ, ಅದರ ಪಕ್ಕ ಗುಲಾಬಿ ಮೇಣ ಕರಗಿಸುವ ಬಟ್ಟಲು, ಗೋಡೆಯ ಹಲಗೆಯ ಮೇಲೆ ಬಾಯಿ ತೆರೆದು ಸಾಲಾಗಿ ಕೂತ ಪ್ಲಾಸ್ಟರ್ ದವಡೆಗಳು. ಹಲ್ಲಿನ ಡಾಕ್ಟರು ರೋಗಿಯ ಬಾಯೊಳಗೆ ಒಂದು ಕಡ್ಡಿಯಂಥ ಕ್ಯಾಮೆರಾ ಆಡಿಸಿ ಅಳತೆ ತೆಗೆಯುತ್ತಾರೆ. ಆ ಅಳತೆ ವೈಫೈ ಹಿಡಿದು ಹಲ್ಲಕ್ಕನ ಕಂಪ್ಯೂಟರಿಗೆ ಬರುತ್ತದೆ. ಅವಳು ಅದನ್ನು ನೋಡಿ ಹಲ್ಲು ಕೂರಿಸುತ್ತಾಳೆ. ಅವಳ ಮನೆ ನಡೆಯುವುದು ಅದರಿಂದ.

ಹಲ್ಲಿಲ್ಲದವರು ಡಾಕ್ಟರ ಹತ್ತಿರ ಬರುವಾಗ ಬಾಯಿಗೆ ಕೈ ಅಡ್ಡ ಹಿಡಿದು ಬರುತ್ತಾರೆ. ಹಾಗೆ ಬಂದವರ ಬಾಯಿ ಬೀದಿಗೆ ಬೀಳಬಾರದು ಎಂದು ಹಲ್ಲಕ್ಕನ ಹಟ. ಅದಕ್ಕಾಗಿ ಅವಳು ವೈಫೈ ಡಬ್ಬಿಯ ಜೊತೆ ಬಂದಿದ್ದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದ್ದಳು. ಆ ಪುಸ್ತಕವನ್ನು ಓದಿದವರು ಪಟ್ಟಣದಲ್ಲಿ ಅವಳೊಬ್ಬಳೇ. ಡಬ್ಬಿಗೆ ಕಂಪನಿಯವರೇ ಇಟ್ಟು ಕಳಿಸಿದ್ದ ಪಾಸ್‌ವರ್ಡನ್ನು ಕಿತ್ತು, ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಜೋಡಿಸಿ ತನ್ನದೇ ಒಂದನ್ನು ಇಟ್ಟಳು. ಗಾಳಿಯಲ್ಲಿ ಹೋಗುವ ಮಾಹಿತಿ ಬೇರೆಯವರ ಕೈಗೆ ಸಿಕ್ಕರೂ ಓದಲಾಗದಂತೆ ಎನ್‌ಕ್ರಿಪ್ಶನ್ ಹಾಕಿದಳು. ಕರೆಯದೆ ಒಳಬರುವವರನ್ನು ಬಾಗಿಲಲ್ಲೇ ತಡೆಯುವ ಫೈರ್‌ವಾಲ್ ಚಾಲೂ ಮಾಡಿದಳು. ಒಂದು ದವಡೆಯ ಪ್ಲಾಸ್ಟರ್ ಒಣಗುವಷ್ಟರಲ್ಲಿ ಇಷ್ಟೂ ಮುಗಿದಿತ್ತು.

ಬುಧವಾರ ನಿರೀಕ್ಷಕರು ಅವಳ ಬಾಗಿಲಲ್ಲಿ ನಿಂತು ಮೊಬೈಲನ್ನು ಮೇಲೆತ್ತಿದರು, ಕೆಳಗಿಳಿಸಿದರು, ಎಡಕ್ಕೆ ಎರಡು ಹೆಜ್ಜೆ ಹೋಗಿ ಬಂದರು. ಆಮೇಲೆ ಬಾಗಿಲು ತಟ್ಟಿದರು.

“ಅಮ್ಮಾ, ನಿಮ್ಮ ಜಾಲ ನನ್ನನ್ನ ಒಳಗೆ ಬಿಡ್ತಿಲ್ಲ.”

“ಬಿಡಬಾರದು ಅಂತಾನೇ ಮಾಡಿರೋದು ಸಾರ್,” ಎಂದಳು ಹಲ್ಲಕ್ಕ, ಕೈಗೆ ಮೆತ್ತಿದ ಪ್ಲಾಸ್ಟರ್ ಒರೆಸಿಕೊಳ್ಳುತ್ತ.

“ಯಾರು ಮಾಡಿದ್ದು?”

“ನಾನೇ.”

“ನೀವೇ ಅಂದ್ರೆ? ತರಬೇತಿ ಆಗಿದೆಯಾ? ಸರ್ಟಿಫಿಕೇಟ್ ಇದೆಯಾ?”

“ಪುಸ್ತಕ ಓದಿದೆ.”

ನಿರೀಕ್ಷಕರು ಬೆಚ್ಚಿದರು. ಅವರ ಹನ್ನೆರಡು ವರ್ಷದ ಸರ್ಕಾರಿ ಸೇವೆಯಲ್ಲಿ ಇಂಥ ಪ್ರಕರಣ ಬಂದಿರಲಿಲ್ಲ. ಅವರು ರಿಜಿಸ್ಟರ್ ತೆರೆದು, ಪೆನ್ನಿನ ಮುಚ್ಚಳವನ್ನು ಬಾಯಲ್ಲಿ ಕಚ್ಚಿಕೊಂಡು ಕೇಳಿದರು, “ಎನ್‌ಕ್ರಿಪ್ಶನ್?”

“ಹಾಕಿದೀನಿ.”

“ಫೈರ್‌ವಾಲ್?”

“ಅದೂ ಇದೆ.”

“ಎಷ್ಟು ದಿನದಿಂದ ನಡೀತಿದೆ ಇದೆಲ್ಲ?”

ಅಡುಗೆಮನೆಯಿಂದ ಹಲ್ಲಕ್ಕನ ಅತ್ತೆ ಹೊರಗೆ ಬಂದರು. ಅತ್ತೆಗೆ ಎಪ್ಪತ್ತಮೂರು ವರ್ಷ. ಸೊಸೆ ಮಾಡಿಕೊಟ್ಟ ಮೂವತ್ತೆರಡು ಹಲ್ಲು. ಆ ಮೂವತ್ತೆರಡನ್ನೂ ತೋರಿಸಿ ಅವರು ಕೇಳಿದರು, “ಏನಪ್ಪಾ, ಮನೆಗೆ ಚಿಲಕ ಹಾಕ್ಕೊಂಡಿದ್ದಕ್ಕೆ ವಿಚಾರಣೆ ಮಾಡ್ತಿದೀಯಲ್ಲ, ನಿಮ್ಮ ಮನೇಲಿ ಬಾಗಿಲಿದೆಯೋ ಇಲ್ವೋ?”

“ಅಜ್ಜೀ, ಚಿಲಕ ಬೇರೆ, ಜಾಲ ಬೇರೆ. ಭದ್ರತೆ ಕೊಡೋದು ಕಚೇರಿ ಕೆಲಸ. ಎಲ್ಲರೂ ಅವರವರ ಭದ್ರತೆ ಅವರೇ ಮಾಡ್ಕೊಂಡ್ರೆ ನಾವು ಏನು ಮಾಡೋಣ?”

ಈ ಪ್ರಶ್ನೆಗೆ ಅತ್ತೆಯ ಬಳಿ ಒಂದು ಉತ್ತರ ಇತ್ತು. ಸೊಸೆ ಕಣ್ಣು ಬಿಟ್ಟದ್ದರಿಂದ ಹೇಳಲಿಲ್ಲ.

ನಿರೀಕ್ಷಕರು ನಿಯಮ ಹನ್ನೊಂದರಂತೆ ಡಬ್ಬಿಯನ್ನು ಗೋಡೆಯಿಂದ ಕಳಚಿ, ಬಿಳಿ ಬಟ್ಟೆಯ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಹಲ್ಲಕ್ಕನದೇ ಮೇಣದ ಒಲೆಯಲ್ಲಿ ಅರಗು ಕಾಯಿಸಿ ಮೊಹರು ಒತ್ತಿ, ಚೀಲವನ್ನು ಅಲ್ಲೇ ಬಿಟ್ಟರು. ಒಲೆ ಕೊಟ್ಟದ್ದಕ್ಕೆ ಥ್ಯಾಂಕ್ಸ್ ಹೇಳಿದರು. ಬಾಗಿಲಿಗೆ ಕೆಂಪು ಚೀಟಿ ಬಿತ್ತು: ‘ಅನಧಿಕೃತ ಭದ್ರತೆ. ಸಾರ್ವಜನಿಕರು ಎಚ್ಚರವಾಗಿರತಕ್ಕದ್ದು.’

ಅವರು ಎದುರುಮನೆ ದಾಟುವ ಮೊದಲೇ ಡಾಕ್ಟರ ಫೋನ್ ಬಂತು.

“ಅಕ್ಕಾ, ಒಂದು ಅರ್ಜೆಂಟ್ ಮೇಲ್ದವಡೆ. ಕಳಿಸ್ತಿದೀನಿ, ಹೋಗ್ತಾನೇ ಇಲ್ಲ.”

“ಡಬ್ಬಿಗೆ ಮೊಹರು ಹಾಕಿದ್ದಾರೆ ಡಾಕ್ಟ್ರೇ. ಯಾರದು ದವಡೆ?”

ಡಾಕ್ಟರು ಸ್ವರ ತಗ್ಗಿಸಿದರು. “ಸುರಕ್ಷಾ ಕಚೇರಿಯ ಮುಖ್ಯಾಧಿಕಾರಿಗಳದು. ಹಳೇ ಸೆಟ್ ಮುರಿದುಹೋಯ್ತಂತೆ. ಫೈಲಿನ ಅರಗು ಬಿಚ್ಚೋಕೆ ಬರಲಿಲ್ಲ ಅಂತ ಹಲ್ಲಲ್ಲಿ ಕಚ್ಚಿದರಂತೆ. ಸೋಮವಾರ ಸುರಕ್ಷಾ ಸಪ್ತಾಹದ ಉದ್ಘಾಟನೆ. ಹಲ್ಲಿಲ್ಲದೆ ಅವರಿಗೆ ‘ಸುರಕ್ಷಾ’ ಅನ್ನೋಕೇ ಬರ್ತಿಲ್ಲ, ಬರೀ ಗಾಳಿ ಹೋಗುತ್ತೆ. ಯಾರಿಗೂ ಹೇಳಬೇಡಿ ಅಂತ ಕೈಮುಗಿದಿದ್ದಾರೆ.”

“ಪೆನ್‌ಡ್ರೈವಲ್ಲಿ ಹಾಕಿಕೊಡಿ, ನಾನೇ ಬಂದು ತಗೊಂಡು ಹೋಗ್ತೀನಿ.”

“ಪೆನ್‌ಡ್ರೈವ್ ಚುಚ್ಚೋ ತೂತಿಗೆಲ್ಲ ಹೋದ ತಿಂಗಳೇ ಕಚೇರಿಯವರು ಅರಗು ತುಂಬಿದ್ದಾರೆ.”

“ಹಳೇ ಪದ್ಧತೀಲಿ ಅಚ್ಚು ತೆಗೀರಿ ಮತ್ತೆ.”

“ಬಾಯಿಗೆ ಅಚ್ಚಿನ ತಟ್ಟೆ ಇಟ್ಟರೆ ಸಾಹೇಬರು ವಾಂತಿ ಮಾಡ್ಕೋತಾರೆ. ನೋಡಿ ಅಕ್ಕಾ, ಶುಕ್ರವಾರದೊಳಗೆ ಅಳತೆ ನಿಮಗೆ ಮುಟ್ಟಲಿಲ್ಲ ಅಂದ್ರೆ ನಾನು ದೊಡ್ಡ ಫ್ಯಾಕ್ಟರಿಗೆ ಕಳಿಸಲೇಬೇಕಾಗುತ್ತೆ. ಆಮೇಲೆ ಎಲ್ಲಾ ಕೆಲಸಾನೂ ಅಲ್ಲಿಗೇ ಕೊಡಿ ಅಂತ ಅವರು ಕೂರ್ತಾರೆ.”

ದೊಡ್ಡ ಫ್ಯಾಕ್ಟರಿ ಎಲ್ಲರಿಗೂ ಒಂದೇ ತರಹದ ಹಲ್ಲು ಮಾಡುತ್ತದೆ. ಅದನ್ನು ಹಾಕಿಕೊಂಡ ಗಂಡ ಹೆಂಡತಿ ಅಣ್ಣ ತಂಗಿಯಂತೆ ನಗುತ್ತಾರೆ. ಹಲ್ಲಕ್ಕ ಸೆರಗಿಗೆ ಕೈ ಒರೆಸಿ, ಚಪ್ಪಲಿ ಮೆಟ್ಟಿದಳು. ಆದರೆ ಅಂದು ಕಚೇರಿಗೆ ಮಧ್ಯಾಹ್ನದಿಂದ ರಜೆ, ಏಕೆಂದರೆ ಸಿಬ್ಬಂದಿ ಎಲ್ಲ ಸಪ್ತಾಹದ ತೋರಣ ಕಟ್ಟಲು ಹೋಗಿದ್ದರು.

ಗುರುವಾರ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಹಲ್ಲಕ್ಕ ಮೆಟ್ಟಿಲ ಮೇಲಿದ್ದಳು. ಪಡಸಾಲೆಯ ಗೋಡೆಗೆ ಗಾಜಿನ ಬಾಗಿಲಿನ ದೊಡ್ಡ ನೋಟೀಸ್ ಬೋರ್ಡ್ ಇತ್ತು. ಅದರಲ್ಲಿ ಟೈಪು ಮಾಡಿದ ಹಾಳೆಗಳು. ಅವಳು ಹತ್ತಿರ ಹೋಗಿ ಓದಿದಳು. ಪಟ್ಟಣದಲ್ಲಿ ಪಾಸ್‌ವರ್ಡ್ ಇಟ್ಟುಕೊಳ್ಳಲು ಅರ್ಜಿ ಹಾಕಿದವರ ಹೆಸರು, ಮನೆ ನಂಬರು, ಮತ್ತು ಮಂಜೂರಾತಿಗಾಗಿ ಕೋರಿರುವ ಪಾಸ್‌ವರ್ಡು. ಕೆಳಗೆ ದಪ್ಪ ಅಕ್ಷರದಲ್ಲಿ: ‘ಮೇಲ್ಕಂಡ ಪಾಸ್‌ವರ್ಡುಗಳಿಗೆ ಸಾರ್ವಜನಿಕರ ಆಕ್ಷೇಪಣೆ ಇದ್ದಲ್ಲಿ ಹದಿನೈದು ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು.’ ಒಂದಕ್ಕೆ ಆಗಲೇ ಆಕ್ಷೇಪಣೆ ಬಂದಿತ್ತು. ಪಕ್ಕದ ಮನೆಯವರು ಬರೆದಿದ್ದರು: ‘ಬಹಳ ಉದ್ದವಾಗಿದೆ, ನಮಗೆ ನೆನಪಿಟ್ಟುಕೊಳ್ಳಲು ಕಷ್ಟ.’ ಆಕ್ಷೇಪಣೆಯನ್ನು ಎತ್ತಿಹಿಡಿಯಲಾಗಿತ್ತು.

ಕೌಂಟರಿನಲ್ಲಿ ಗುಮಾಸ್ತೆ ಮೂರು ನಮೂನೆಗಳನ್ನು ಅವಳ ಮುಂದೆ ಹರಡಿದಳು.

“ಇದು ಪಾಸ್‌ವರ್ಡಿಗೆ. ಮೂರು ಪ್ರತಿ. ಇಬ್ಬರು ಸಾಕ್ಷಿಗಳು ಪಾಸ್‌ವರ್ಡನ್ನ ಜೋರಾಗಿ ಓದಿ ಸಹಿ ಮಾಡಬೇಕು. ಇದು ಎನ್‌ಕ್ರಿಪ್ಶನ್‌ಗೆ. ಏನೇನು ಗುಟ್ಟಾಗಿಡ್ತೀರೋ ಅದರ ಪೂರ್ತಿ ವಿವರ ಲಗತ್ತಿಸಬೇಕು. ಇದು ಫೈರ್‌ವಾಲ್‌ಗೆ. ಹೊರಗಿಡಬೇಕಾದವರ ಹೆಸರು, ವಿಳಾಸ, ಒಪ್ಪಿಗೆ ಪತ್ರ.”

“ಯಾರ ಒಪ್ಪಿಗೆ?”

“ಹೊರಗಿಡ್ತೀರಲ್ಲ, ಅವರದು.”

“ಕಳ್ಳರದಾ?”

“ಕಳ್ಳ ಅಂತ ಕೋರ್ಟು ಹೇಳಬೇಕು, ನೀವಲ್ಲ. ಒಬ್ಬ ವ್ಯಕ್ತಿಯನ್ನ ಅವನ ಗಮನಕ್ಕೆ ತರದೆ ಹೊರಗಿಟ್ಟರೆ ಅವನಿಗೆ ಅನ್ಯಾಯ ಆಗಲ್ವಾ ಅಕ್ಕಾ?” ಗುಮಾಸ್ತೆಯ ದನಿಯಲ್ಲಿ ನಿಜವಾದ ಮರುಕವಿತ್ತು.

“ಇದುವರೆಗೆ ಯಾರಾದರೂ ಈ ಒಪ್ಪಿಗೆ ಪತ್ರ ತಂದಿದ್ದಾರಾ?”

“ಒಬ್ಬರು ತಂದಿದ್ರು. ಅಳಿಯ ಬರೆದುಕೊಟ್ಟಿದ್ದ.”

ಹಲ್ಲಕ್ಕ ನಮೂನೆಗಳನ್ನು ಪಕ್ಕಕ್ಕೆ ಸರಿಸಿದಳು. ಕೌಂಟರಿನ ಹಿಂದೆ ಒಂದು ಮುಚ್ಚಿದ ಬಾಗಿಲು. ಅದರ ಮೇಲೆ ‘ಮುಖ್ಯಾಧಿಕಾರಿ’ ಎಂಬ ಹಿತ್ತಾಳೆಯ ಫಲಕ. ‘ನಿಮ್ಮ ಸಾಹೇಬರ ಬಾಯೇ ನನ್ನ ಡಬ್ಬಿಯ ಬಾಗಿಲಲ್ಲಿ ನಿಂತಿದೆ’ ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು, ಹತ್ತು ನಿಮಿಷದಲ್ಲಿ ಮೊಹರು ಒಡೆಯುತ್ತಿತ್ತು. ಮಾತು ನಾಲಗೆಯ ತುದಿಗೆ ಬಂತು. ಆದರೆ ರೋಗಿಯ ಬಾಯಿ ರೋಗಿಯದು. ಅವಳು ಮಾತನ್ನು ನುಂಗಿಕೊಂಡಳು.

“ಒಬ್ಬರ ಹಲ್ಲಿನ ವಿಷಯ,” ಎಂದಷ್ಟೇ ಹೇಳಿದಳು. “ಅರ್ಜೆಂಟ್ ಇದೆ.”

“ಯಾರದು ಅಂತ ಬರೀರಿ, ಪರಿಗಣಿಸ್ತಾರೆ.”

“ಬರೆಯಲ್ಲ.”

“ಹಾಗಾದ್ರೆ ಹದಿನೈದು ದಿನ,” ಎಂದಳು ಗುಮಾಸ್ತೆ. “ಅಲ್ಲೀವರೆಗೂ ಹಸಿರು ಚೀಟಿ ಇರೋ ಯಾವ ಮನೆಯ ಜಾಲವನ್ನಾದರೂ ನೀವು ಬಳಸಬಹುದು. ಅದಕ್ಕೆ ಅರ್ಜಿ ಬೇಡ.”

ಶುಕ್ರವಾರ ಬೆಳಿಗ್ಗೆ ಹಲ್ಲಕ್ಕ ಕಂಪ್ಯೂಟರನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದುರುಮನೆಯ ಡ್ರಾಯಿಂಗ್ ಮೇಷ್ಟ್ರ ಜಗಲಿ ಹತ್ತಿದಳು. ಮೇಷ್ಟ್ರು ನಿವೃತ್ತರು. ಅವರ ಜಾಲಕ್ಕೆ ಕಚೇರಿ ಆ ಬೀದಿಯ ಮೊದಲ ಹಸಿರು ಚೀಟಿ ಕೊಟ್ಟಿತ್ತು, ಪಾಸ್‌ವರ್ಡ್ ಎಂಬುದೊಂದಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲವಾದ್ದರಿಂದ. ಪಕ್ಕದ ಕ್ಷೌರದ ಅಂಗಡಿಯ ಟಿವಿ, ಅದರಾಚೆಯ ಬೇಕರಿಯ ಹಾಡಿನ ಪೆಟ್ಟಿಗೆ, ದಾರಿಹೋಕರ ಮೊಬೈಲುಗಳು ಎಲ್ಲ ಅದೇ ಜಾಲದ ಮೇಲೆ ನಡೆಯುತ್ತಿದ್ದವು.

“ಬಾಮ್ಮಾ, ಕೂತ್ಕೋ. ಎಷ್ಟು ಬೇಕೋ ಅಷ್ಟು ತಗೋ,” ಎಂದರು ಮೇಷ್ಟ್ರು. “ನಮ್ಮದು ಸುರಕ್ಷಿತ.”

“ಅದೇ ಭಯ ಮೇಷ್ಟ್ರೇ.”

ಡಾಕ್ಟರಿಗೆ ಫೋನ್ ಮಾಡಿದಳು. ಅಳತೆ ಬರಲು ಆರಂಭವಾಯಿತು. ಅರ್ಧ ಬಂತು, ಮುಕ್ಕಾಲು ಬಂತು. ಬಂದು ಮುಗಿದೊಡನೆ ಕಂಪ್ಯೂಟರು ತೆರೆಯ ಮೇಲೆ ಒಂದು ಪ್ರಶ್ನೆ ಕೇಳಿತು: ‘ಎಲ್ಲಿ ತೋರಿಸಲಿ?’ ಅವಳ ಮನೆಯಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿತ್ತು. ಇಲ್ಲಿ ಜಾಲಕ್ಕೆ ಸೇರಿದ್ದ ಟಿವಿ, ಮೊಬೈಲು ಎಲ್ಲ ಸೇರಿ ಹದಿನಾಲ್ಕು ಇದ್ದವು. ಅವಳು ಓದುವಷ್ಟರಲ್ಲಿ ಮೇಷ್ಟ್ರು ಸಹಾಯಕ್ಕೆಂದು ಬಗ್ಗಿ, “ಇದೇನಮ್ಮಾ, ದೊಡ್ಡದಾಗಿ ಕಾಣೋದನ್ನ ಒತ್ತು,” ಎಂದು ತಾವೇ ಒತ್ತಿಬಿಟ್ಟರು.

ಹಲ್ಲಕ್ಕನ ಪರದೆ ಖಾಲಿಯಾಗಿಯೇ ಉಳಿಯಿತು. ಕ್ಷೌರದ ಅಂಗಡಿಯ ಟಿವಿಯಲ್ಲಿ ನಡೆಯುತ್ತಿದ್ದ ಹಾಡು ನಿಂತು, ಗೋಡೆಯಗಲದ ಒಂದು ಮೇಲ್ದವಡೆ ಮೂಡಿತು. ನಿಧಾನವಾಗಿ ತಿರುಗುತ್ತ ಎಲ್ಲ ಕೋನಗಳಿಂದಲೂ ದರ್ಶನ ಕೊಟ್ಟಿತು. ಕೆಳಗೆ ಬರೆದಿತ್ತು: ‘ಮುಖ್ಯಾಧಿಕಾರಿ, ಸುರಕ್ಷಾ ಕಚೇರಿ. ಮೇಲ್ದವಡೆ. ಉಳಿದಿರುವ ಹಲ್ಲು: ಒಂದು. ಅದೂ ಅಲ್ಲಾಡುತ್ತಿದೆ.’

ಅಂಗಡಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಕೆನ್ನೆಗೆ ಸೋಪಿನ ನೊರೆ ಬಳಿಸಿಕೊಂಡು ಒರಗಿದ್ದವರು ಮುಖ್ಯಾಧಿಕಾರಿಗಳೇ. “ಸಾಹೇಬ್ರೇ, ಕೆನ್ನೆ ಸ್ವಲ್ಪ ಊದಿಸಿ,” ಎಂದಿದ್ದ ಕ್ಷೌರಿಕ, ಕತ್ತಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಟಿವಿ ನೋಡಿದ. ಬೆಂಚಿನಲ್ಲಿದ್ದ ನಾಲ್ವರು ಟಿವಿ ನೋಡಿದರು. ಆಮೇಲೆ ಸಾಹೇಬರನ್ನು ನೋಡಿದರು. ಆಮೇಲೆ ಮತ್ತೆ ಟಿವಿ ನೋಡಿದರು.

ಹಲ್ಲಕ್ಕ ಜಗಲಿಯಿಂದ ಹಾರಿ ಅಂಗಡಿಯೊಳಗೆ ಓಡಿಬಂದು ಟಿವಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತಳು. ದವಡೆ ಅವಳಿಗಿಂತ ದೊಡ್ಡದಾಗಿತ್ತು.

“ಸ್ವಿಚ್ ತೆಗಿಯೋ!” ಎಂದು ಕೂಗಿದಳು.

ಕ್ಷೌರಿಕ ತೆಗೆದ. ಮುಖ್ಯಾಧಿಕಾರಿಗಳು ನೊರೆ ಮೆತ್ತಿದ ಮುಖದಲ್ಲೇ ಎದ್ದು ನಿಂತರು. ಅವರ ಸ್ವರ ಶಾಂತವಾಗಿತ್ತು. ಹಲ್ಲಿಲ್ಲದ ಕಾರಣ ಕೆಲವು ಅಕ್ಷರಗಳು ಮಾತ್ರ ಹಾದಿಯಲ್ಲೇ ಬಿದ್ದುಹೋಗುತ್ತಿದ್ದವು.

“ಯಾವ ಜಾಲದಿಂದ ಬಂತು ಇದು?”

“ಮೇಷ್ಟ್ರ ಜಾಲದಿಂದ,” ಎಂದ ಕ್ಷೌರಿಕ. “ಹಸಿರು ಚೀಟಿ ಇದೆ ಸಾರ್. ನಿಮ್ಮದೇ ಸಹಿ.”

ಸಾಹೇಬರು ಕ್ಷಣಕಾಲ ಯೋಚಿಸಿದರು. ಸುರಕ್ಷಿತ ಎಂದು ತಾವೇ ಪ್ರಮಾಣೀಕರಿಸಿದ ಜಾಲದಿಂದ ಮಾಹಿತಿ ಸೋರಿತು ಎಂದರೆ ಪ್ರಮಾಣಪತ್ರ ಸುಳ್ಳೆಂದಾಗುತ್ತದೆ. ಪ್ರಮಾಣಪತ್ರ ಸುಳ್ಳಾಗುವಂತಿಲ್ಲ. ಹಾಗಾಗಿ ಅವರು ಅಲ್ಲೇ, ಬಿಳಿ ಬಟ್ಟೆ ಹೊದ್ದುಕೊಂಡೇ, ಆದೇಶ ಹೊರಡಿಸಿದರು. “ಇದು ಸೋರಿಕೆ ಅಲ್ಲ. ಪ್ರಕಟಣೆ. ಎಲ್ಲರೂ ನೋಡಿದಿರಿ ತಾನೇ? ಆಕ್ಷೇಪಣೆ ಇದೆಯಾ?”

ಬೆಂಚಿನ ನಾಲ್ವರೂ ಇಲ್ಲವೆಂದು ತಲೆಯಾಡಿಸಿದರು. ಒಬ್ಬಾತ ಮಾತ್ರ, “ಮುಂದಿನ ಎರಡು ಹಲ್ಲು ಸ್ವಲ್ಪ ದೊಡ್ಡದಿದ್ರೆ ಸಾಹೇಬರಿಗೆ ಕಳೆ,” ಎಂದ. ಅದನ್ನು ಸಲಹೆಯಾಗಿ ದಾಖಲಿಸಿಕೊಳ್ಳಲಾಯಿತು. ಸಾಹೇಬರು ಮತ್ತೆ ಕುರ್ಚಿಯಲ್ಲಿ ಕೂತು ಇನ್ನೊಂದು ಕೆನ್ನೆ ಊದಿಸಿದರು.

ಆದರೆ ಸಂಜೆ ಐದರ ಹೊತ್ತಿಗೆ ಅವರು ಹಲ್ಲಕ್ಕನ ಮನೆಯ ಬಾಗಿಲಲ್ಲಿ ನಿಂತಿದ್ದರು. ಒಬ್ಬರೇ ಬಂದಿದ್ದರು, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಿದ್ದರು. ದಾರಿಯಲ್ಲಿ ಬೇಕರಿಯವನು ಕೇಳದೆಯೇ ಅವರ ಕೈಗೆ ಮೆತ್ತನೆಯ ಬನ್ನು ಇಟ್ಟಿದ್ದ.

ಅತ್ತೆ ಕುರ್ಚಿ ಹಾಕಿದರು. ಹಲ್ಲಕ್ಕ ಉಜ್ಜುವ ಚಕ್ರ ನಿಲ್ಲಿಸಿದಳು.

“ನಿನ್ನೆ ಕಚೇರಿಗೆ ಬಂದಿದ್ರಂತೆ,” ಎಂದರು ಸಾಹೇಬರು. “ನನ್ನ ಹಲ್ಲು ಅಂತ ಯಾಕೆ ಹೇಳಲಿಲ್ಲ ನೀವು? ಗುಮಾಸ್ತೆ ಕೂಡಲೇ ಮೊಹರು ತೆಗೀತಿದ್ದಳು.”

“ಹೇಳಬೇಡಿ ಅಂತ ಕೈಮುಗಿದಿದ್ದೀರಂತಲ್ಲ ಸಾರ್. ನಾನು ಹೇಳಲಿಲ್ಲ. ನಿಮ್ಮ ಹಸಿರು ಚೀಟಿ ಹೇಳ್ತು.”

ಸಾಹೇಬರು ಬನ್ನನ್ನು ಕೈಯಲ್ಲಿ ತಿರುಗಿಸಿದರು. ಆಮೇಲೆ ಬಾಗಿಲ ಕಡೆ ನೋಡಿ ಮೆಲ್ಲಗೆ ಕೇಳಿದರು, “ನಮ್ಮ ಮನೆಯದ್ದಕ್ಕೂ ಹಾಗೆ ಮಾಡಿಕೊಡ್ತೀರಾ? ಈ ಎನ್‌ಕ್ರಿಪ್ಶನ್, ಅದೂ ಇದೂ. ಯಾರಿಗೂ ತಿಳೀಬಾರದು. ನಮ್ಮ ಮನೆಗೂ ಹಸಿರು ಚೀಟಿಯೇ ಇದೆ.”

“ಅಯ್ಯೋ ಪಾಪ,” ಎಂದರು ಅತ್ತೆ.

“ಮಾಡಿಕೊಡ್ತೀನಿ. ಮೊದಲು ನನ್ನ ಡಬ್ಬಿ ಬಿಚ್ಚಿ ಸಾರ್. ಅದಿಲ್ಲದೆ ನನ್ನ ಒಲೆ ಉರಿಯಲ್ಲ. ನಿಮ್ಮ ಅಳತೆ ಬಂತು, ಸರಿ. ಸೋಮವಾರ ಬರೋ ಅಳತೆಯನ್ನೂ ಟಿವಿಯಲ್ಲಿ ತೋರಿಸಲಾ?”

“ಬಿಚ್ಚಬಹುದು. ಆದರೆ ನಿಯಮ ನಾಲ್ಕಿದೆ. ನಿರೀಕ್ಷಕರಿಗೆ ಪ್ರವೇಶ ಸಿಗಲೇಬೇಕು. ನಿಯಮ ತಿದ್ದೋ ಅಧಿಕಾರ ನನಗಿಲ್ಲ. ನಿಯಮ ಮಾಡಿದವರು ಯಾರು ಅಂತ ಹುಡುಕೋಕೆ ಒಂದು ಸಮಿತಿ ಇದೆ, ಅದು ಇನ್ನೂ ವರದಿ ಕೊಟ್ಟಿಲ್ಲ.”

ಹಲ್ಲಕ್ಕ ಹಲಗೆಯ ಮೇಲಿಂದ ಡಬ್ಬಿಯ ಪುಸ್ತಕ ಎಳೆದು ಹಾಳೆ ತಿರುವಿದಳು. “ಪ್ರವೇಶ ಸಿಗಬೇಕು ಅಷ್ಟೇ ತಾನೇ? ಒಳಗೆ ಏನಾದರೂ ಇರಬೇಕು ಅಂತ ನಿಯಮದಲ್ಲಿದೆಯಾ?”

ಸಾಹೇಬರು ಜೇಬಿನಿಂದ ನಿಯಮಾವಳಿ ತೆಗೆದು ಓದಿದರು. ಹಿಂದಿನ ಪುಟ ನೋಡಿದರು. “ಇಲ್ಲ,” ಎಂದರು.

“ಹಾಗಾದರೆ ಈ ಡಬ್ಬಿಯಲ್ಲೇ ಎರಡು ಜಾಲ ಮಾಡಬಹುದು. ಒಂದು ನನ್ನದು, ಬೀಗ ಹಾಕಿದ್ದು. ಇನ್ನೊಂದು ಬಂದುಹೋಗುವವರಿಗೆ, ಬಾಗಿಲು ತೆಗೆದಿದ್ದು. ಅದರೊಳಗಿಂದ ಇದರೊಳಕ್ಕೆ ದಾರಿ ಇರಲ್ಲ. ನಿಮ್ಮ ನಿರೀಕ್ಷಕರು ಅದರೊಳಗೆ ಬರಲಿ, ನಿಲ್ಲಲಿ, ಸುತ್ತ ನೋಡಲಿ. ಅಲ್ಲಿ ಏನೂ ಇರಲ್ಲ. ಏನೂ ಇಲ್ಲದ ಕಡೆ ಏನು ಅಪಾಯ?”

ಮುಖ್ಯಾಧಿಕಾರಿಗಳ ಮುಖ ಅರಳಿತು. ಇಪ್ಪತ್ತೆಂಟು ವರ್ಷಗಳ ಸರ್ಕಾರಿ ಸೇವೆಯಲ್ಲಿ ಅವರು ಇಷ್ಟು ಪರಿಶುದ್ಧವಾದ ತಪಾಸಣೆಯನ್ನು ಕಲ್ಪಿಸಿಕೊಂಡಿರಲಿಲ್ಲ. ಕೂಡಲೇ ಚೀಲದ ಅರಗನ್ನು ಒಡೆಯಲು ಬಾಯಿಗಿಟ್ಟುಕೊಳ್ಳಹೋದರು. ಹಲ್ಲಕ್ಕ ತಡೆದು ಕತ್ತರಿ ಕೊಟ್ಟಳು.

ಡಬ್ಬಿ ಗೋಡೆಗೆ ಮರಳಿತು. ಎರಡನೇ ಜಾಲಕ್ಕೆ ಒಂದು ಹೆಸರಿಡಬೇಕು ಎಂದು ಡಬ್ಬಿ ಕೇಳಿತು.

“ಅತ್ತೇ, ಏನಂತ ಇಡೋಣ? ನಿರೀಕ್ಷಕರಿಗೆ ಬೀದಿಯಿಂದಲೇ ಕಾಣುತ್ತೆ.”

“ಕಾಲೊರೆಸಿಕೊಂಡು ಬಾ ಅಂತ ಹಾಕು. ಮೊನ್ನೆ ನೆಲ ಎಲ್ಲಾ ಕೆಸರು ಮಾಡಿ ಹೋಗಿದ್ದಾನೆ.”

ಶನಿವಾರ, ಭಾನುವಾರ ಹಲ್ಲಕ್ಕನ ಚಕ್ರ ನಿಲ್ಲಲಿಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸಾಹೇಬರ ಬಾಯಿಗೆ ಹೊಸ ಸೆಟ್ ಕೂತಿತು. ಮುಂದಿನ ಎರಡು ಹಲ್ಲು, ದಾಖಲಾದ ಸಲಹೆಯಂತೆ, ಒಂದು ಕೂದಲೆಳೆ ದೊಡ್ಡದಾಗಿದ್ದವು. ಹತ್ತಕ್ಕೆ ಅವರು ವೇದಿಕೆಯ ಮೇಲೆ ‘ಸುರಕ್ಷಾ’ ಎಂಬ ಪದವನ್ನು ಐವತ್ತಾರು ಸಲ ಉಚ್ಚರಿಸಿದರು. ಒಂದು ಸಲವೂ ಗಾಳಿ ಹೋಗಲಿಲ್ಲ. ಡಾಕ್ಟರು ಮುಂದಿನ ಸಾಲಿನಲ್ಲಿ ಕೂತು ಹಲ್ಲಕ್ಕನತ್ತ ತಿರುಗಿ, “ಫ್ಯಾಕ್ಟರಿಯವರಿಗೆ ಬರೋದು ಬೇಡ ಅಂದೆ ಅಕ್ಕಾ,” ಎಂದು ಪಿಸುಗುಟ್ಟಿದರು. ಭಾಷಣದ ಕೊನೆಗೆ ಸಾಹೇಬರು ಹೊಸ ಸುತ್ತೋಲೆ ಓದಿದರು:

‘ಇನ್ನು ಮುಂದೆ ಪ್ರತಿ ಮನೆಯವರು ತಪಾಸಣೆಯ ಸಲುವಾಗಿಯೇ ಪ್ರತ್ಯೇಕವಾದ ಒಂದು ಖಾಲಿ ಜಾಲವನ್ನು ನಿರ್ವಹಿಸತಕ್ಕದ್ದು. ಸದರಿ ಜಾಲದಲ್ಲಿ ಏನೂ ಇರತಕ್ಕದ್ದಲ್ಲ. ಏನೂ ಇಲ್ಲದಿರುವುದನ್ನು ನಿರೀಕ್ಷಕರು ವಾರಕ್ಕೊಮ್ಮೆ ಖಚಿತಪಡಿಸಿಕೊಳ್ಳತಕ್ಕದ್ದು. ಇತರೆ ಜಾಲಗಳ ಬಗ್ಗೆ ಈ ಕಚೇರಿಗೆ ತಿಳಿದಿರುವುದಿಲ್ಲ.’

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ವಾರವೇ ಮೇಷ್ಟ್ರಿಂದ ಹಿಡಿದು ಗುಮಾಸ್ತೆಯವರೆಗೆ ಎಲ್ಲರೂ ಹಲ್ಲಕ್ಕನ ಬಾಗಿಲಿಗೆ ಬಂದರು. ಅವಳು ಮೇಣ ಕಾಯಿಸುತ್ತಲೇ ಹೇಳಿಕೊಟ್ಟಳು. ಕಂಪನಿಯ ಪಾಸ್‌ವರ್ಡ್ ಕೀಳಿ, ನಿಮ್ಮದು ಉದ್ದಕ್ಕಿಡಿ, ಎನ್‌ಕ್ರಿಪ್ಶನ್ ಹಾಕಿ, ಫೈರ್‌ವಾಲ್ ಚಾಲೂ ಮಾಡಿ, ನಿಮ್ಮ ಪಾಸ್‌ವರ್ಡ್ ಏನು ಅಂತ ನನಗೂ ಹೇಳಬೇಡಿ. “ನಮ್ಮ ಮನೆಯ ಬಾಗಿಲು ಹಾಕ್ಕೊಳ್ಳೋಕೆ ನಮಗೆ ಬರುತ್ತೆ ಕಣ್ರೀ,” ಎನ್ನುತ್ತಿದ್ದಳು. “ಬರಲ್ಲ ಅಂತ ಹೇಳಿಕೊಟ್ಟೇ ಕಚೇರಿ ಕಟ್ಟಿರೋದು.”

ಹೀಗೆ ಪಟ್ಟಣದ ಜಾಲಗಳೆಲ್ಲ ಕಚೇರಿಗೆ ತಿಳಿಯದಂತೆ ಭದ್ರವಾದವು, ಖಾಲಿ ಜಾಲಗಳೆಲ್ಲ ಕಚೇರಿಯಿಂದ ಭದ್ರವಾದವು.

ಬುಧವಾರ ನಿರೀಕ್ಷಕರು ಬಂದರು. ಹಲ್ಲಕ್ಕನ ಮನೆಯ ಮುಂದೆ ಮೊಬೈಲ್ ನೋಡಿ, ಚಪ್ಪಲಿಯ ಕೆಸರನ್ನು ಕಲ್ಲಿಗೆ ಚೆನ್ನಾಗಿ ಉಜ್ಜಿ, ಆಮೇಲೆ ಪ್ರವೇಶ ಪಡೆದರು. ಒಳಗೆ ಏನೂ ಇರಲಿಲ್ಲ. ರಿಜಿಸ್ಟರಿನಲ್ಲಿ ಜಾಲದ ಹೆಸರನ್ನು ನಿಯಮದಂತೆ ಬರೆದು ಮುಂದೆ ಷರಾ ಹಾಕಿದರು: ‘ಕಾಲೊರೆಸಿಕೊಂಡು ಬಾ — ಪಾಲಿಸಲಾಗಿದೆ, ಸುರಕ್ಷಿತ.’

ಜಾಲದ ಹೆಸರನ್ನು ಕಚೇರಿ ಓದಲೇಬೇಕು, ಬರೆಯಲೇಬೇಕು, ಸಾಹೇಬರು ಸಹಿ ಹಾಕಲೇಬೇಕು ಎಂಬುದು ಬೀದಿಗೆ ಅರಿವಾಗಲು ಒಂದು ವಾರ ಸಾಕಾಯಿತು. ವರ್ಷಗಟ್ಟಲೆ ಅರ್ಜಿ ಬರೆದು ಉತ್ತರ ಸಿಗದವರೆಲ್ಲ ತಮ್ಮ ಖಾಲಿ ಜಾಲದ ಹೆಸರನ್ನು ಬದಲಿಸಿದರು. ಮುಂದಿನ ಬುಧವಾರದ ರಿಜಿಸ್ಟರು, ಮುಖ್ಯಾಧಿಕಾರಿಗಳ ಸಹಿಯೊಂದಿಗೆ, ಹೀಗಿತ್ತು:

‘ಮೂಲೆಯ ದೀಪ ಉರಿಯುತ್ತಿಲ್ಲ — ಸುರಕ್ಷಿತ.
ನಲ್ಲಿಯಲ್ಲಿ ಮೂರು ದಿನದಿಂದ ನೀರಿಲ್ಲ — ಸುರಕ್ಷಿತ.
ಬೇಕರಿ ಮುಂದಿನ ಚರಂಡಿಗೆ ಮುಚ್ಚಳವಿಲ್ಲ — ಸುರಕ್ಷಿತ.
ಪಿಂಚಣಿ ಯಾವಾಗ — ಸುರಕ್ಷಿತ.’

ಹಸಿರು ಚೀಟಿಗಳನ್ನು ಜನ ಹೆಮ್ಮೆಯಿಂದ ಬಾಗಿಲಿಗೆ ಅಂಟಿಸಿಕೊಂಡರು. ತಮ್ಮ ದೂರಿಗೆ ಕಚೇರಿಯಿಂದ ಇಷ್ಟು ಬೇಗ, ಇಷ್ಟು ಸ್ಪಷ್ಟವಾದ ಉತ್ತರ ಬಂದದ್ದು ಅದೇ ಮೊದಲು.

ಒಂದೇ ಒಂದು ತೊಡಕು ಎದುರಾಯಿತು. ರಿಜಿಸ್ಟರು ಹೇಗೋ ದಾರಿ ತಪ್ಪಿ ಪುರಸಭೆಯ ಮೇಸ್ತ್ರಿಯ ಕೈಗೆ ಸಿಕ್ಕಿತು. ಆತ ಮುಗ್ಧ. ಓದಿದವನೇ ಬಂದು ಬೇಕರಿ ಮುಂದಿನ ಚರಂಡಿಗೆ ಗಟ್ಟಿಯಾದ ಕಾಂಕ್ರೀಟ್ ಮುಚ್ಚಳ ಹಾಕಿಸಿಬಿಟ್ಟ. ಮರು ಬುಧವಾರ ನಿರೀಕ್ಷಕರು ಮೊಬೈಲನ್ನೂ ಚರಂಡಿಯನ್ನೂ ಬದಲಾಯಿಸಿ ಬದಲಾಯಿಸಿ ನೋಡಿ ತಲೆ ಕೆರೆದುಕೊಂಡರು.

“ಮುಚ್ಚಳವಿಲ್ಲ ಅಂತ ಮಂಜೂರಾಗಿದೆ. ಇಲ್ಲಿ ನೋಡಿದ್ರೆ ಮುಚ್ಚಳ ಇದೆ. ದಾಖಲೆಗೂ ಸ್ಥಳಕ್ಕೂ ತಾಳೆ ಆಗ್ತಿಲ್ಲ. ಕೆಂಪು ಚೀಟಿ ಹಾಕಬೇಕಾಗುತ್ತೆ.”

“ಹೆಸರು ಬದಲಾಯಿಸ್ತೀನಿ ಸಾರ್,” ಎಂದ ಬೇಕರಿಯವನು.

“ಈ ವಾರದಿಂದ ಹೆಸರು ಬದಲಾವಣೆಗೂ ಹದಿನೈದು ದಿನದ ಪ್ರಕಟಣೆ ಬೇಕು.”

ಹಲ್ಲಕ್ಕ ಕೈಯಲ್ಲಿ ಅರ್ಧ ಉಜ್ಜಿದ ದವಡೆ ಹಿಡಿದು ಹೊರಗೆ ಬಂದಳು. ಮೇಷ್ಟ್ರು ಬಂದರು, ಕ್ಷೌರಿಕ ಬಂದ. ಎಲ್ಲರೂ ನಿಂತು ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು. ಅಂದಿನಿಂದ ಪ್ರತಿ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಬೀದಿಯವರು ಸೇರಿ ಚರಂಡಿಯ ಮುಚ್ಚಳವನ್ನು ಎತ್ತಿ ಪಕ್ಕಕ್ಕಿಡುತ್ತಾರೆ. ನಿರೀಕ್ಷಕರು ಒಳಗೆ ಇಣುಕಿ ನೋಡಿ ಷರಾ ಬರೆಯುತ್ತಾರೆ. ಬರೆದಾದ ಮೇಲೆ ಮುಚ್ಚಳವನ್ನು ಮತ್ತೆ ಹಾಕುತ್ತಾರೆ. ಈ ಏರ್ಪಾಟಿಗೆ ಯಾರ ಆಕ್ಷೇಪಣೆಯೂ ಬಂದಿಲ್ಲ. ಮುಚ್ಚಳ ಭಾರವಾದ್ದರಿಂದ ಅದರ ಇನ್ನೊಂದು ತುದಿಯನ್ನು ನಿರೀಕ್ಷಕರೇ ಹಿಡಿಯುತ್ತಾರೆ.